ಆವರ್ತದ ಅಳತೆ: ಸೋನಿಕ್ ವಿಶುವಲೈಸರ್ ತಂತ್ರಾಂಶವನ್ನು ಬಳಸಿ ಕಂಡದ್ದು

ಕಛೇರಿಯ ಧ್ವನಿಮುದ್ರಣವೊಂದನ್ನು ಕೇಳಿ ‘ಕಾಲಪ್ರಮಾಣ ಓಡಿದೆ’, ಅಂದರೆ ತಾಳದ ವೇಗ ಏರಿದೆ ಎಂದು ಹೇಳುವುದು ಸುಲಭ. ಎಷ್ಟು ಓಡಿದೆ, ತಾಳದ ಯಾವ ಸುತ್ತಿನಿಂದ, ಎಂದರೆ ಯಾವ ಆವರ್ತದಿಂದ ಓಡತೊಡಗಿತು, ಓಡಿದ್ದು ಹಾಡುಗಾರಿಕೆಯೋ ಪಕ್ಕವಾದ್ಯವೋ ಎಂಬುದನ್ನು ಎದುರಿಗೆ ಕುಳಿತವರಿಗೆ ತೋರಿಸಿಕೊಡುವುದು ಮಾತ್ರ ಕಷ್ಟ. ಕಿವಿಯ ತೀರ್ಮಾನಕ್ಕೆ ಅಳತೆಯ ಆಧಾರ ಒದಗಿಸುವ ಸಾಧನವೊಂದನ್ನು ಹುಡುಕುತ್ತಿದ್ದಾಗ ನನಗೆ ದೊರೆತದ್ದು ಸೋನಿಕ್ ವಿಶುವಲೈಸರ್ ಎಂಬ ತಂತ್ರಾಂಶ. ಕರ್ನಾಟಕ ಸಂಗೀತದ ಕೃತಿಗಳು, ತನಿ ಆವರ್ತನಗಳು (ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗಗಳು), ಹಳೆಯ ಗ್ರಾಮಫೋನ್ ತಟ್ಟೆಗಳಿಂದ ತೆಗೆದ ಪ್ರತಿಗಳು ಇವೆಲ್ಲವುಗಳ ಮೇಲೆ ಅದನ್ನು ಬಳಸುತ್ತ ಬಂದಿದ್ದೇನೆ. ಅದು ಏನನ್ನು ಚೆನ್ನಾಗಿ ಮಾಡುತ್ತದೆ, ಯಾವ ಕೆಲಸವನ್ನು ಅದಕ್ಕೆ ಒಪ್ಪಿಸಲೇಬಾರದು ಎಂಬುದನ್ನು ಸಂಗೀತ ಕಲಿಯುವವರಿಗೂ ಲಕ್ಷಣದಲ್ಲಿ, ಅಂದರೆ ಸಂಗೀತಶಾಸ್ತ್ರದಲ್ಲಿ ಆಸಕ್ತಿ ಇರುವವರಿಗೂ ಉಪಯೋಗವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಇದನ್ನು ಸಿದ್ಧಪಡಿಸಿದ್ದು ಲಂಡನ್ ವಿಶ್ವವಿದ್ಯಾಲಯದ ಕ್ವೀನ್ ಮೇರಿ ಸಂಸ್ಥೆಯ ಡಿಜಿಟಲ್ ಸಂಗೀತ ಕೇಂದ್ರ. ಉಚಿತವಾಗಿ ದೊರೆಯುತ್ತದೆ, ಮೂಲಸಂಕೇತವೂ ಮುಕ್ತವಾಗಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಧ್ವನಿಯನ್ನು ಕತ್ತರಿಸಿ ಜೋಡಿಸುವ ತಂತ್ರಾಂಶವೆಂದು ಭಾವಿಸಿ ತೆರೆದವರಿಗೆ ನಿರಾಸೆಯಾಗುತ್ತದೆ, ಏಕೆಂದರೆ ಇದು ಮೂಲ ಧ್ವನಿಯನ್ನು ಮುಟ್ಟುವುದೇ ಇಲ್ಲ. ಅದರ ಮೇಲೆ ಪಾರದರ್ಶಕ ಹಾಳೆಗಳಂತೆ ಪದರಗಳನ್ನು ಹಾಸುತ್ತ ಹೋಗುತ್ತದೆ: ಒಂದು ಪದರದಲ್ಲಿ ಧ್ವನಿಯ ಅಲೆ, ಇನ್ನೊಂದರಲ್ಲಿ ಆವೃತ್ತಿಗಳ (ಫ್ರೀಕ್ವೆನ್ಸಿಗಳ) ಚಿತ್ರ, ಮತ್ತೊಂದರಲ್ಲಿ ನಾವೇ ಹಾಕಿದ ಗುರುತುಗಳು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಅಧ್ಯಯನದಲ್ಲಿ ಇದರ ಬಳಕೆ ಬೇರೂರಿದೆ. ಶೋಪ್ಯಾನ್ ರಚಿಸಿದ ಮಜುರ್ಕಾಗಳನ್ನು (ನೃತ್ಯಲಯದ ಪಿಯಾನೋ ರಚನೆಗಳನ್ನು) ಬೇರೆ ಬೇರೆ ಪಿಯಾನೋ ವಾದಕರು ನುಡಿಸಿರುವ ಧ್ವನಿಮುದ್ರಣಗಳಲ್ಲಿ ಪ್ರತಿಯೊಂದು ಪೆಟ್ಟಿನ ಅವಧಿಯನ್ನು ಅಳೆದು ಹೋಲಿಸಿದ ಇಂಗ್ಲೆಂಡಿನ ಸಂಶೋಧನಾ ಯೋಜನೆಯೊಂದು ಇದೇ ತಂತ್ರಾಂಶವನ್ನು ನೆಚ್ಚಿತ್ತು. ನಮ್ಮ ಸಂಗೀತಕ್ಕೆ ಇದನ್ನು ಹೊಂದಿಸಿಕೊಳ್ಳುವಾಗ ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು.

ನಾನು ಇದರಲ್ಲಿ ಅತಿ ಹೆಚ್ಚು ಬಳಸುವುದು ‘ಟೈಮ್ ಇನ್‌ಸ್ಟಂಟ್ಸ್’ ಎಂಬ ಸರಳವಾದ ಪದರವನ್ನು. ಹಾಡು ಓಡುತ್ತಿರುವಾಗ ಅರ್ಧವಿರಾಮ ಚಿಹ್ನೆಯ ಕೀಯನ್ನು ಒತ್ತಿದರೆ ಆ ಕ್ಷಣದಲ್ಲಿ ಪರದೆಯ ಮೇಲೆ ಒಂದು ಲಂಬ ಗೆರೆ ಬೀಳುತ್ತದೆ. ತೊಡೆಯ ಮೇಲೆ ತಾಳ ಹಾಕುವ ಕೈಯನ್ನು ಕೀಲಿಮಣೆಯ ಮೇಲೆ ಇಟ್ಟಂತೆಯೇ ಸರಿ. ಹೊಸ ಗುರುತುಗಳಿಗೆ ಸಂಖ್ಯೆ ಕೊಡುವ ಬಗೆಯನ್ನು ಪಟ್ಟಿಯಿಂದ ಆರಿಸಿಕೊಳ್ಳಬಹುದು, ಮತ್ತು ಅದರಲ್ಲಿ ಎರಡು ಹಂತದ ಆವರ್ತಕ ಎಣಿಕೆ ಎಂಬ ಆಯ್ಕೆಯೊಂದಿದೆ. ಪಾಶ್ಚಾತ್ಯ ಸಂಗೀತದ ಬಾರ್ ಮತ್ತು ಬೀಟ್‌ಗಳಿಗಾಗಿ ಮಾಡಿದ ಈ ಏರ್ಪಾಡಿನಲ್ಲಿ ಆವರ್ತದ ಗಾತ್ರವನ್ನು 8 ಎಂದು ಕೊಟ್ಟುಬಿಟ್ಟರೆ ಎಂಟು ಅಕ್ಷರಗಳ, ಅಂದರೆ ಎಂಟು ಎಣಿಕೆಗಳ ಆದಿತಾಳದ ಲೆಕ್ಕ ತಾನಾಗಿ ಕೂರುತ್ತದೆ. ಮೊದಲ ಸಮ (ಆವರ್ತದ ಮೊದಲ ಎಣಿಕೆ) 1.1 ಎಂದೂ, ಲಘುವಿನ (ಮೊದಲ ನಾಲ್ಕು ಎಣಿಕೆಗಳ ಭಾಗದ) ಕೊನೆಯ ಬೆರಳು 1.4 ಎಂದೂ, ಮೊದಲ ದ್ರುತದ (ಎರಡು ಎಣಿಕೆಗಳ ಭಾಗದ) ಘಾತ 1.5 ಎಂದೂ, ಮುಂದಿನ ಆವರ್ತದ ಸಮ 2.1 ಎಂದೂ ಗೆರೆಗಳ ಪಕ್ಕದಲ್ಲಿ ಮೂಡುತ್ತವೆ. ಆಮೇಲೆ ಹಾಡನ್ನು ಮತ್ತೆ ಆಡಿಸಿದಾಗ ಪ್ರತಿ ಗುರುತಿನಲ್ಲೂ ಒಂದು ಕಟ್ ಎನ್ನುವ ಸದ್ದು ಕೇಳುವುದರಿಂದ ಎಲ್ಲಿ ತಪ್ಪಿ ತಟ್ಟಿದ್ದೇವೆ ಎಂಬುದು ತಕ್ಷಣ ತಿಳಿಯುತ್ತದೆ, ತಪ್ಪಿದ ಗೆರೆಯನ್ನು ಎಳೆದು ಸರಿಯಾದ ಜಾಗಕ್ಕೆ ಕೂರಿಸಬಹುದು. ಶ್ರುತಿ ಬದಲಾಗದಂತೆ ವೇಗವನ್ನು ತಗ್ಗಿಸುವ ಗುಂಡಿಯೂ ಇರುವುದರಿಂದ ದುರಿತ ಕಾಲದ ಸ್ವರಪ್ರಸ್ತಾರದಲ್ಲಿ ಕೂಡ ಈ ಕೆಲಸ ಸಾಧ್ಯ.

ಗುರುತುಗಳು ಸಿದ್ಧವಾದ ಮೇಲೆ ಗಣಿತ ಆರಂಭವಾಗುತ್ತದೆ, ಮತ್ತು ಹೊಸಬರು ಎಡವುವುದೂ ಇಲ್ಲಿಯೇ. ತಂತ್ರಾಂಶವು ಪಕ್ಕಪಕ್ಕದ ಎರಡು ಗುರುತುಗಳ ನಡುವಿನ ಅವಧಿಯಿಂದ ಕಾಲಪ್ರಮಾಣವನ್ನು ಲೆಕ್ಕಹಾಕಿ ವಕ್ರರೇಖೆಯಾಗಿ ತೋರಿಸಬಲ್ಲದು. ನಿಮಿಷಕ್ಕೆ 80 ಅಕ್ಷರಗಳ ವೇಗ ಎಂದುಕೊಳ್ಳೋಣ. ಆಗ ಒಂದು ಅಕ್ಷರಕ್ಕೆ 0.75 ಸೆಕೆಂಡು, ಆದಿತಾಳದ ಒಂದು ಆವರ್ತಕ್ಕೆ 6 ಸೆಕೆಂಡು. ಬೆರಳಿನಿಂದ ತಟ್ಟುವಾಗ ಪ್ರತಿ ಗುರುತೂ 30 ಮಿಲಿಸೆಕೆಂಡಿನಷ್ಟು ಹಿಂದುಮುಂದಾಗುತ್ತದೆ ಎಂದಿಟ್ಟುಕೊಂಡರೆ, ಎರಡು ತುದಿಗಳ ದೋಷಗಳು ಸೇರಿ ಆ ಅವಧಿಯಲ್ಲಿ ಸುಮಾರು 42 ಮಿಲಿಸೆಕೆಂಡಿನ ಅನಿಶ್ಚಿತತೆ ಉಳಿಯುತ್ತದೆ. ಒಂದೇ ಅಕ್ಷರದ ಮೇಲೆ ಈ 42 ಮಿಲಿಸೆಕೆಂಡು ಬಿದ್ದಾಗ 80ರ ವೇಗವು ಒಮ್ಮೆ 76 ಎಂದೂ ಇನ್ನೊಮ್ಮೆ 85 ಎಂದೂ ಕಾಣಿಸುತ್ತದೆ. ಪರದೆಯ ಮೇಲೆ ಗರಗಸದ ಹಲ್ಲಿನಂತೆ ಮೂಡುವ ಆ ರೇಖೆಯನ್ನು ನೋಡಿ ಗಾಯಕರ ಲಯ ನಡುಗುತ್ತಿದೆ ಎಂದು ಬರೆದುಬಿಟ್ಟರೆ ದೊಡ್ಡ ಅನ್ಯಾಯವಾಗುತ್ತದೆ, ಏಕೆಂದರೆ ನಡುಗಿದ್ದು ತಟ್ಟಿದವರ ಬೆರಳು. ಸಮದಿಂದ ಸಮಕ್ಕೆ ಅಳೆದಾಗ ಅದೇ 42 ಮಿಲಿಸೆಕೆಂಡು 6 ಸೆಕೆಂಡಿನ ಮೇಲೆ ಹರಡಿಕೊಂಡು ವೇಗವು 79.4 ಮತ್ತು 80.6ರ ನಡುವೆ ನಿಲ್ಲುತ್ತದೆ. ನಾಲ್ಕು ಆವರ್ತಗಳನ್ನು ಒಟ್ಟಿಗೆ ಹಿಡಿದರೆ ಇನ್ನೂ ನಿಖರ.

ಅಕ್ಷರದಿಂದ ಅಕ್ಷರಕ್ಕೆ ಅಳೆದ ವಕ್ರರೇಖೆಯನ್ನು ನಾನು ಈಗ ನೋಡುವುದನ್ನೇ ಬಿಟ್ಟಿದ್ದೇನೆ. ಆವರ್ತವೇ ಅಳತೆಯ ಸಹಜವಾದ ಘಟಕ ಎಂಬುದನ್ನು ಲಕ್ಷಣಕಾರರ ಮಾತಿಗಿಂತ ಈ ಚಿಕ್ಕ ಲೆಕ್ಕವೇ ನನಗೆ ಮನದಟ್ಟು ಮಾಡಿತು.

ಆವರ್ತದ ಲೆಕ್ಕದಲ್ಲಿ ನೋಡಿದಾಗ ಕೃತಿಯ ಪ್ರಸ್ತುತಿಯೊಂದರ ಆಕಾರ ನಿಜವಾಗಿಯೂ ಕಣ್ಣಿಗೆ ಕಟ್ಟುತ್ತದೆ. ಪಲ್ಲವಿಯ ಸಂಗತಿಗಳು (ಒಂದೇ ಸಾಲಿನ ಬೆಳೆದ ರೂಪಗಳು) ಒಂದರ ಮೇಲೊಂದು ಏರುವಾಗ ಆವರ್ತ ಕಿರಿದಾಗುತ್ತದೆಯೇ, ಅನುಪಲ್ಲವಿಯಿಂದ ಪಲ್ಲವಿಗೆ ಮರಳಿದಾಗ ಮೊದಲಿನ ಕಾಲಕ್ಕೆ ಇಳಿಯುತ್ತದೆಯೇ, ನೆರವಲಿನಲ್ಲಿ (ಸಾಹಿತ್ಯದ ಒಂದು ಸಾಲನ್ನು ಕಲ್ಪನೆಯಿಂದ ವಿಸ್ತರಿಸುವಾಗ) ಎರಡನೆಯ ಕಾಲಕ್ಕೆ ಹೊರಳುವ ಘಟ್ಟದಲ್ಲಿ ತಾಳ ಅಲುಗದೆ ನಿಂತಿದೆಯೇ ಎಂಬ ಪ್ರಶ್ನೆಗಳಿಗೆ ಸಂಖ್ಯೆಯಲ್ಲಿ ಉತ್ತರ ದೊರೆಯುತ್ತದೆ. ಗಟ್ಟಿಯಾದ ಕಾಲಪ್ರಮಾಣ ಎಂದರೆ ಗಡಿಯಾರದಂತೆ ಒಂದೇ ಸಮನೆ ಇರುವುದು ಎಂದು ನಾನು ಮೊದಲು ನಂಬಿದ್ದೆ. ನಾನು ಅಳೆದ ಒಳ್ಳೆಯ ಕಛೇರಿಗಳಲ್ಲಿ ಆವರ್ತದ ಅವಧಿ ಬಹಳ ನಿಧಾನವಾಗಿ, ಕೇಳುವವರಿಗೆ ಎಲ್ಲಿಯೂ ಹಠಾತ್ತೆನಿಸದಂತೆ, ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತ ಹೋಗುತ್ತದೆ. ಕಳಪೆಯೆನಿಸಿದ ಪ್ರಸ್ತುತಿಗಳಲ್ಲಿ ಅದೇ ಬದಲಾವಣೆ ಒಂದೆರಡು ಆವರ್ತಗಳಲ್ಲೇ ಮೆಟ್ಟಿಲಿನಂತೆ ಬಂದಿರುತ್ತದೆ.

ತಂತ್ರಾಂಶಕ್ಕೆ ಜೋಡಿಸಿಕೊಳ್ಳಬಹುದಾದ ವ್ಯಾಂಪ್ ಎಂಬ ಪ್ಲಗ್‌ಇನ್‌ಗಳಲ್ಲಿ ತಾಳದ ಪೆಟ್ಟುಗಳನ್ನು ತಾನೇ ಗುರುತಿಸುವ ಸೌಲಭ್ಯವೂ ಇದೆ. ಕರ್ನಾಟಕ ಸಂಗೀತಕ್ಕೆ ಅದನ್ನು ಬಳಸಬೇಡಿ ಎಂದೇ ನನ್ನ ಖಚಿತವಾದ ಸಲಹೆ. ಇದು ಆ ಪ್ಲಗ್‌ಇನ್ನಿನ ದೋಷವಲ್ಲ, ಅದರ ಹಿಂದಿರುವ ಊಹೆಯ ಮಿತಿ. ಸಮ ಅಂತರದಲ್ಲಿ ಬರುವ ಒತ್ತುಗಳನ್ನು ಹುಡುಕುವುದು ಇಂಥ ಕ್ರಮವಿಧಿಗಳ ಕೆಲಸವಾದ್ದರಿಂದ ನಿಜವಾದ ವೇಗದ ಇಮ್ಮಡಿಯನ್ನೋ ಅರ್ಧವನ್ನೋ ಹಿಡಿಯುವುದು ಅವುಗಳಿಗೆ ಸಾಮಾನ್ಯ. ಮಿಶ್ರಚಾಪಿನಲ್ಲಂತೂ ಊಹೆಯೇ ಮುರಿದುಬೀಳುತ್ತದೆ. 7 ಮಾತ್ರೆಗಳನ್ನು (ಎಣಿಕೆಯ ಚಿಕ್ಕ ಘಟಕಗಳನ್ನು) 3, 2, 2 ಎಂದು ವಿಭಾಗಿಸಿ ತಟ್ಟುವ ಈ ತಾಳದಲ್ಲಿ ಒಂದು ಮಾತ್ರೆಗೆ 0.3 ಸೆಕೆಂಡಾದರೆ ಪೆಟ್ಟುಗಳು 0, 0.9, 1.5 ಸೆಕೆಂಡುಗಳಲ್ಲಿ ಬೀಳುತ್ತವೆ, 2.1ಕ್ಕೆ ಮತ್ತೆ ಸಮ. ಆವರ್ತಕ್ಕೆ ಮೂರು ಪೆಟ್ಟುಗಳನ್ನು ಸಮನಾಗಿ ಹಂಚಿದರೆ ಅವು 0, 0.7, 1.4ರಲ್ಲಿ ಬೀಳಬೇಕು. ಎರಡನೆಯ ಪೆಟ್ಟು 0.2 ಸೆಕೆಂಡು ಮೊದಲೇ ಬಿದ್ದರೆ ಅದು ತಾಳವೇ ಅಲ್ಲ.

ಎತ್ತುಗಡೆಯ, ಅಂದರೆ ಹಾಡು ತಾಳದಲ್ಲಿ ಆರಂಭವಾಗುವ ಜಾಗದ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಸಮದಿಂದ ಅರ್ಧ ಅಕ್ಷರ ಅಥವಾ ಒಂದೂವರೆ ಅಕ್ಷರ ತಳ್ಳಿ ಆರಂಭವಾಗುವ ಕೃತಿಗಳಲ್ಲಿ ಸಾಹಿತ್ಯದ ಮೊದಲ ಅಕ್ಷರ ಸ್ಪಷ್ಟವಾಗಿ ಕೇಳುತ್ತದೆ, ಸಮದಲ್ಲಿ ಮಾತ್ರ ಮೌನವಿರುತ್ತದೆ. ಸದ್ದಿನ ಏರಿಳಿತವನ್ನಷ್ಟೇ ಬಲ್ಲ ಯಂತ್ರಕ್ಕೆ ಆ ಮೌನವೇ ಆವರ್ತದ ಮೊದಲು ಎಂದು ತಿಳಿಯುವ ದಾರಿಯಿಲ್ಲ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಜೇವಿಯರ್ ಸೆರ್ರಾ ಅವರ ನೇತೃತ್ವದಲ್ಲಿ 2011ರಿಂದ ನಡೆದ ಕಾಂಪ್‌ಮ್ಯೂಸಿಕ್ ಎಂಬ ಯೋಜನೆ ಕರ್ನಾಟಕ, ಹಿಂದೂಸ್ತಾನಿ, ಟರ್ಕಿಯ ಮಕಾಮ್ ಮೊದಲಾದ ಪರಂಪರೆಗಳನ್ನು ಅವುಗಳದೇ ಪರಿಕಲ್ಪನೆಗಳಿಂದ ಗಣಕಕ್ಕೆ ಒಗ್ಗಿಸಬೇಕೆಂದು ಹೊರಟದ್ದು ಈ ಕಾರಣಕ್ಕಾಗಿಯೇ. ತಾಳ ಗೊತ್ತಿರುವವರು ಕೈಯಿಂದ ಗುರುತು ಹಾಕಿದ ಧ್ವನಿಮುದ್ರಣಗಳ ಸಂಗ್ರಹ ಅಲ್ಲಿಯೂ ಬೇಕಾಯಿತು.

ತನಿ ಆವರ್ತನವನ್ನು ಪರಿಶೀಲಿಸುವುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಒಂದು ಚಿಕ್ಕ ಮುಕ್ತಾಯವನ್ನೇ ತೆಗೆದುಕೊಳ್ಳಿ. ಆದಿತಾಳ, ಚತುರಶ್ರ ನಡೆ, ಅಂದರೆ ಅಕ್ಷರಕ್ಕೆ ನಾಲ್ಕು ಮಾತ್ರೆ. ಆವರ್ತಕ್ಕೆ 32 ಮಾತ್ರೆಗಳು. ‘ತದಿಗಿಣತೊಂ’ ಎಂಬ 5 ಮಾತ್ರೆಯ ಸೊಲ್ಲನ್ನು (ಮೃದಂಗದ ನುಡಿಯನ್ನು) ಮೂರು ಸಲ ನುಡಿಸಿ ನಡುವೆ ಎರಡೆರಡು ಮಾತ್ರೆಗಳ ಕಾರ್ವೆ (ವಿರಾಮ) ಕೊಟ್ಟರೆ 5, 2, 5, 2, 5 ಸೇರಿ 19 ಮಾತ್ರೆಗಳಾಗುತ್ತವೆ. ಸಮಕ್ಕೆ ಮುಗಿಯಬೇಕಾದರೆ 13 ಮಾತ್ರೆಗಳನ್ನು ಬಿಟ್ಟು ಎತ್ತಿಕೊಳ್ಳಬೇಕು. ಹಾಗೆ ಎತ್ತಿಕೊಂಡಾಗ ಮೊದಲ ಸೊಲ್ಲು ನಾಲ್ಕನೆಯ ಅಕ್ಷರದ ಎರಡನೆಯ ಮಾತ್ರೆಯಲ್ಲಿ, ಎರಡನೆಯದು ಆರನೆಯ ಅಕ್ಷರದ ನೆತ್ತಿಯಲ್ಲಿ, ಮೂರನೆಯದು ಏಳನೆಯ ಅಕ್ಷರದ ಕೊನೆಯ ಮಾತ್ರೆಯಲ್ಲಿ ಆರಂಭವಾಗುತ್ತದೆ. ಸೊಲ್ಲಿನ ದೃಷ್ಟಿಯಿಂದ ಮೂರೂ ಸಮಾನ ಅಂತರದಲ್ಲಿವೆ. ತಾಳದ ದೃಷ್ಟಿಯಿಂದ ಮೂರೂ ಬೇರೆ ಬೇರೆ ನೆಲೆಯಲ್ಲಿವೆ. ಕೇಳುವವರ ಮೈ ಝುಮ್ಮೆನ್ನುವುದು ಈ ಎರಡು ಲೆಕ್ಕಗಳು ಬೇರೆಯಾಗಿ ನಡೆದು ಕೊನೆಗೆ ಸಮದಲ್ಲಿ ಕೂಡುವುದರಿಂದ.

ತಂತ್ರಾಂಶದಲ್ಲಿ ಅಕ್ಷರಗಳಿಗೆ ಒಂದು ಪದರ, ಮೃದಂಗದ ಪೆಟ್ಟುಗಳಿಗೆ ಇನ್ನೊಂದು ಪದರ ಹಾಕಿ ಬೇರೆ ಬೇರೆ ಬಣ್ಣ ಕೊಟ್ಟರೆ ಈ ಎರಡು ಲೆಕ್ಕಗಳು ಒಂದರ ಮೇಲೊಂದು ಜಾರುವುದನ್ನು ನೇರವಾಗಿ ನೋಡಬಹುದು. ನಿಮಿಷಕ್ಕೆ 80 ಅಕ್ಷರಗಳ ವೇಗದಲ್ಲಿ ಒಂದು ಮಾತ್ರೆಗೆ 187.5 ಮಿಲಿಸೆಕೆಂಡು, ಆದ್ದರಿಂದ ಸೊಲ್ಲಿನ ಆರಂಭಗಳ ನಡುವೆ ತಲಾ 1312.5 ಮಿಲಿಸೆಕೆಂಡು ಇರಬೇಕು, ಕಾರ್ವೆಗೆ 375 ಸಲ್ಲಬೇಕು. ಕಲಿಯುವ ಹಂತದಲ್ಲಿರುವವರು ಸೊಲ್ಲನ್ನು ಸರಿಯಾಗಿ ನುಡಿಸಿ ಕಾರ್ವೆಯನ್ನು ನುಂಗುತ್ತಾರೆ ಎಂದು ಗುರುಗಳು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಪ್ರತಿ ಕಾರ್ವೆಯಲ್ಲಿ 35 ಮಿಲಿಸೆಕೆಂಡು ನುಂಗಿದರೂ ಸಮಕ್ಕೆ 70 ಮಿಲಿಸೆಕೆಂಡು ಮೊದಲೇ ಬಂದು ನಿಂತಂತಾಗುತ್ತದೆ, ಎಂದರೆ ಒಂದು ಮಾತ್ರೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಮೃದಂಗದ ಪೆಟ್ಟು ಅಲೆಯ ಚಿತ್ರದಲ್ಲಿ ಚೂಪಾಗಿ ಎದ್ದು ಕಾಣುವುದರಿಂದ ಈ ಅಳತೆಗೆ ಬೆರಳಿನ ತಟ್ಟುವಿಕೆಯ ಅವಶ್ಯಕತೆಯೇ ಇಲ್ಲ. ಗೆರೆಯನ್ನು ಪೆಟ್ಟಿನ ಅಂಚಿಗೇ ತಂದು ಕೂರಿಸಬಹುದು, ಇಲ್ಲವೆ ನಾದದ ಆರಂಭವನ್ನು ಪತ್ತೆಹಚ್ಚುವ ಪ್ಲಗ್‌ಇನ್ ಬಳಸಬಹುದು. ತಾಳವನ್ನು ಯಂತ್ರಕ್ಕೆ ಬಿಡಬಾರದು, ಪೆಟ್ಟನ್ನು ಬಿಡಬಹುದು.

ವೀಣೆ, ಪಿಟೀಲು, ಕೊಳಲು, ಗಾಯನಗಳಲ್ಲಿ ನಾದದ ಆರಂಭ ಇಷ್ಟು ಚೂಪಾಗಿರುವುದಿಲ್ಲ. ಅದರಲ್ಲೂ ಜಾರು, ಕಂಪಿತ ಮುಂತಾದ ಗಮಕಗಳ ಒಳಗೆ ಸ್ವರ ಎಲ್ಲಿ ಆರಂಭವಾಯಿತು ಎಂದು ಕೇಳುವುದೇ ಕೆಲವೊಮ್ಮೆ ಅರ್ಥವಿಲ್ಲದ ಪ್ರಶ್ನೆ. ಇಲ್ಲಿ ನೆರವಿಗೆ ಬರುವುದು ಸ್ಪೆಕ್ಟ್ರೋಗ್ರಾಮ್, ಅಂದರೆ ಕಾಲವನ್ನು ಅಡ್ಡಕ್ಕೂ ಆವೃತ್ತಿಯನ್ನು ಲಂಬಕ್ಕೂ ಹರಡಿದ ಚಿತ್ರ. ಧ್ವನಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ತೆಗೆದುಕೊಂಡು ಪ್ರತಿ ತುಂಡಿಗೂ ಫೂರಿಯೇ ರೂಪಾಂತರ ಮಾಡುವುದು ಇದರ ಹಿಂದಿನ ಗಣಿತ. ತುಂಡಿನ ಗಾತ್ರವನ್ನು ಬಳಕೆದಾರರೇ ಆರಿಸಬೇಕು, ಮತ್ತು ಆ ಆಯ್ಕೆಯಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು. ಸೆಕೆಂಡಿಗೆ 44,100 ಮಾದರಿಗಳಿರುವ ಧ್ವನಿಯಲ್ಲಿ 1024 ಮಾದರಿಗಳ ತುಂಡು 23 ಮಿಲಿಸೆಕೆಂಡಿನಷ್ಟು ಉದ್ದವಿದ್ದು ಕಾಲವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಅದರ ಆವೃತ್ತಿಯ ಹೆಜ್ಜೆ 43 ಹರ್ಟ್ಸ್. ಮಂದ್ರಸ್ಥಾಯಿಯಲ್ಲಿ ಪಕ್ಕಪಕ್ಕದ ಸ್ವರಗಳು ಅದರಲ್ಲಿ ಒಂದಾಗಿ ಕಲಸಿಹೋಗುತ್ತವೆ. 16,384 ಮಾದರಿಗಳ ತುಂಡಿನಲ್ಲಿ ಹೆಜ್ಜೆ 2.7 ಹರ್ಟ್ಸ್‌ಗೆ ಇಳಿಯುತ್ತದೆ, ಆದರೆ ತುಂಡಿನ ಉದ್ದ 372 ಮಿಲಿಸೆಕೆಂಡಾಗಿ ಮೇಲಿನ ಲೆಕ್ಕದ ಎರಡು ಮಾತ್ರೆಗಳು ಒಂದರೊಳಗೊಂದು ಕರಗುತ್ತವೆ. ಒಂದೇ ಧ್ವನಿಗೆ ಎರಡು ಗಾತ್ರಗಳ ಎರಡು ಚಿತ್ರಗಳನ್ನು ಮೇಲೆ ಕೆಳಗೆ ಇಟ್ಟುಕೊಂಡು, ಕಾಲಕ್ಕೆ ಒಂದನ್ನು, ಸ್ವರಕ್ಕೆ ಇನ್ನೊಂದನ್ನು ನೋಡುವುದು ನನ್ನ ರೂಢಿ. ಎರಡು ಪಟಗಳೂ ಒಟ್ಟಿಗೆ ಸರಿಯುವುದರಿಂದ ಇದರಲ್ಲಿ ತೊಂದರೆಯಿಲ್ಲ.

ರಚನೆಯ ಅಧ್ಯಯನಕ್ಕೆ ಬಂದರೆ ತಂತ್ರಾಂಶದೊಳಗೆ ಅರ್ಧ ಕೆಲಸ ಮಾತ್ರ ಆಗುತ್ತದೆ. ತ್ಯಾಗರಾಜರ ಎಷ್ಟೋ ಕೃತಿಗಳಲ್ಲಿ ಚರಣದ ಉತ್ತರಾರ್ಧ ಅನುಪಲ್ಲವಿಯ ಧಾತುವನ್ನೇ (ಸ್ವರಗಳ ಧಾಟಿಯನ್ನೇ) ಅನುಸರಿಸುತ್ತದೆ ಎಂಬುದು ಸಂಗೀತ ಬಲ್ಲವರಿಗೆ ಹೊಸದಲ್ಲ. ಇದನ್ನು ಗಣಿತದಲ್ಲಿ ಕಾಣುವ ಬಗೆ ಹೀಗಿದೆ: ಪ್ರತಿ ಅಕ್ಷರದ ಅವಧಿಯಲ್ಲಿ ಯಾವ ಸ್ವರಸ್ಥಾನಕ್ಕೆ ಎಷ್ಟು ಶಕ್ತಿಯಿದೆ ಎಂಬುದನ್ನು ಹನ್ನೆರಡು ಸಂಖ್ಯೆಗಳ ಸಾಲಾಗಿ ಪಡೆದು, ಕೃತಿಯ ಪ್ರತಿ ಅಕ್ಷರವನ್ನು ಉಳಿದ ಪ್ರತಿ ಅಕ್ಷರದೊಂದಿಗೆ ಹೋಲಿಸಿ ಚೌಕಾಕಾರದ ಕೋಷ್ಟಕ ಕಟ್ಟುವುದು. ಜೊನಾಥನ್ ಫೂಟ್ 1999ರಲ್ಲಿ ಮುಂದಿಟ್ಟ ಸ್ವಸಾದೃಶ್ಯ ಕೋಷ್ಟಕ ಎಂಬ ಈ ವಿಧಾನದಲ್ಲಿ ಮುಖ್ಯ ಕರ್ಣ ಯಾವಾಗಲೂ ಗಾಢವಾಗಿರುತ್ತದೆ, ಏಕೆಂದರೆ ಪ್ರತಿ ಕ್ಷಣವೂ ತನಗೆ ತಾನು ಸಮಾನ. ಅದಕ್ಕೆ ಸಮಾಂತರವಾಗಿ ದೂರದಲ್ಲಿ ಕಾಣುವ ಗೆರೆಯೇ ಪುನರಾವೃತ್ತಿ. ಐದು ನಿಮಿಷದ ಕೃತಿಗೆ 400 ಅಕ್ಷರಗಳಾದರೆ 1,60,000 ಮನೆಗಳ ಕೋಷ್ಟಕ. ಅದರಲ್ಲಿ ಅನುಪಲ್ಲವಿಯೂ ಚರಣದ ಕೊನೆಯೂ ಸಂಧಿಸುವ ಮೂಲೆಯಲ್ಲಿ ಓರೆಯಾದ ಗೆರೆ ಮೊದಲ ಬಾರಿ ಮೂಡಿದಾಗ ನಾನು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ. ಗೆರೆ ಅಖಂಡವಾಗಿರಲಿಲ್ಲ, ಸಂಗತಿಗಳ ಸಂಖ್ಯೆ ಎರಡು ಕಡೆ ಬೇರೆಯಾಗಿದ್ದರಿಂದ ಅಲ್ಲಲ್ಲಿ ತುಂಡಾಗಿ ಆವರ್ತದಷ್ಟು ಪಕ್ಕಕ್ಕೆ ಜರುಗಿತ್ತು. ಆ ಜರುಗುವಿಕೆಯೇ ಗಾಯಕರ ಮನೋಧರ್ಮದ, ಅಂದರೆ ಸ್ವಂತ ಕಲ್ಪನೆಯ ಜಾಗ.

ಸೋನಿಕ್ ವಿಶುವಲೈಸರ್ ಒಳಗೆ ಕ್ರೋಮಾಗ್ರಾಮ್ ಪ್ಲಗ್‌ಇನ್ ಮೂಲಕ ಆ ಹನ್ನೆರಡು ಸಂಖ್ಯೆಗಳನ್ನು ಪಡೆದು ಕಡತವಾಗಿ ಹೊರತೆಗೆಯಬಹುದು. ಅಕ್ಷರಕ್ಕೊಂದರಂತೆ ಸರಾಸರಿ ತೆಗೆಯುವುದನ್ನೂ ಹೋಲಿಕೆಯನ್ನೂ ಬೇರೆಡೆ ಮಾಡಿಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಪ್ಲಗ್‌ಇನ್ 440 ಹರ್ಟ್ಸ್ ಎಂಬ ಪಾಶ್ಚಾತ್ಯ ಮಾನದಂಡದಿಂದ ಮನೆಗಳನ್ನು ಹಂಚುತ್ತದೆ. ಗಾಯಕರ ಆಧಾರ ಷಡ್ಜ ಆ ಮನೆಯ ನಡುವೆ ಕೂರದಿದ್ದರೆ ಪ್ರತಿ ಸ್ವರವೂ ಎರಡು ಮನೆಗಳಲ್ಲಿ ಹಂಚಿಹೋಗುತ್ತದೆ. ತಂಬೂರಿಯ ಶ್ರುತಿಯನ್ನು ಮೊದಲು ಅಳೆದು ಆ ಸಂಖ್ಯೆಯನ್ನು ಅದಕ್ಕೆ ತಕ್ಕಂತೆ ಬದಲಾಯಿಸಿಕೊಂಡೇ ಮುಂದುವರಿಯಬೇಕು.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳ ವಿಷಯದಲ್ಲಿ ಇದೇ ಎಚ್ಚರಿಕೆ ಇನ್ನಷ್ಟು ಬೇಕು. ಧ್ವನಿಮುದ್ರಣದ ವೇಳೆ ತಟ್ಟೆ ನಿಖರವಾಗಿ 78 ಸುತ್ತಿನಲ್ಲೇ ತಿರುಗಿತ್ತೆಂದು ಹೇಳುವಂತಿಲ್ಲ. ಆಡಿಸುವಾಗ 5 ಪ್ರತಿಶತ ವೇಗ ಹೆಚ್ಚಾದರೆ ಶ್ರುತಿ ಸುಮಾರು 84 ಸೆಂಟ್ ಏರುತ್ತದೆ, ಎಂದರೆ ಹೆಚ್ಚುಕಡಿಮೆ ಒಂದು ಸ್ವರಸ್ಥಾನ. ಕಾಲಪ್ರಮಾಣವೂ ಅಷ್ಟೇ ಪ್ರಮಾಣದಲ್ಲಿ ಚುರುಕಾಗುತ್ತದೆ. ‘ಆ ಕಾಲದವರು ಎಷ್ಟು ಚುರುಕಾಗಿ ಹಾಡುತ್ತಿದ್ದರು’ ಎಂಬ ಮಾತನ್ನು ತಟ್ಟೆಯ ಆಧಾರದಿಂದ ಸೆಕೆಂಡಿನ ಲೆಕ್ಕದಲ್ಲಿ ಹೇಳುವವರನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ಸುಮಾರು ಮೂರು ನಿಮಿಷದ ಒಂದು ಬದಿಯಲ್ಲಿ ಹಾಡನ್ನು ಮುಗಿಸಬೇಕಾದ ಒತ್ತಡವೂ ಅಲ್ಲಿತ್ತು. ಆದರೆ ತಟ್ಟೆ ಒಂದೇ ಸಮನಾಗಿ ತಿರುಗಿದ್ದರೆ ಅದರೊಳಗಿನ ಅನುಪಾತಗಳು ಕೆಡುವುದಿಲ್ಲ. ಮೊದಲ ಆವರ್ತಕ್ಕೂ ಕೊನೆಯ ಆವರ್ತಕ್ಕೂ ಇರುವ ಅನುಪಾತ, ಸೊಲ್ಲಿಗೂ ಕಾರ್ವೆಗೂ ಇರುವ ಅನುಪಾತ, ಚಾಪಿನ ಮೂರಕ್ಕೂ ನಾಲ್ಕಕ್ಕೂ ಇರುವ ಅನುಪಾತ ಇವು ಯಾವ ವೇಗದಲ್ಲಿ ಆಡಿಸಿದರೂ ಅಷ್ಟೇ. ತಾಳಶಾಸ್ತ್ರ ಮೊದಲಿನಿಂದಲೂ ಗಡಿಯಾರವನ್ನು ಬಿಟ್ಟು ಮಾತ್ರೆಗಳ ಅನುಪಾತದಲ್ಲಿ ಮಾತನಾಡಿದ್ದರಿಂದ ಹಳೆಯ ತಟ್ಟೆಗಳ ಅಧ್ಯಯನ ಇನ್ನೂ ಸಾಧ್ಯವಾಗಿದೆ. ನನ್ನ ಕೋಷ್ಟಕಗಳಲ್ಲಿ ಸೆಕೆಂಡಿನ ಅಂಕಣವನ್ನು ಈಗ ಉಳಿಸಿಕೊಂಡಿಲ್ಲ.

ಆಲಾಪನೆಗೆ ತಾಳವಿಲ್ಲವಾದ್ದರಿಂದ ಮೇಲಿನ ಯಾವ ವಿಧಾನವೂ ಅಲ್ಲಿ ನಡೆಯುವುದಿಲ್ಲ. ಪಿವೈಇನ್ ಎಂಬ ಪ್ಲಗ್‌ಇನ್ ಸ್ವರದ ಏರಿಳಿತವನ್ನು ಒಂದೇ ಎಳೆಯಾಗಿ ಬಿಡಿಸಿ ತೋರಿಸುತ್ತದೆ, ಆದರೆ ಅದು ಒಂಟಿ ನಾದಕ್ಕಾಗಿ ರೂಪುಗೊಂಡದ್ದು. ತಂಬೂರಿಯೂ ನೆರಳಿನಂತೆ ಹಿಂಬಾಲಿಸುವ ಪಿಟೀಲೂ ಇರುವ ಕಛೇರಿಯಲ್ಲಿ ಎಳೆ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಒಂದೊಂದು ಉಸಿರಿನ ಪ್ರಯೋಗವನ್ನು ಕೈಯಿಂದ ಗುರುತಿಸಿ ಅದರ ಉದ್ದವನ್ನೂ ನಡುವಿನ ವಿರಾಮವನ್ನೂ ಬರೆದಿಟ್ಟುಕೊಳ್ಳುವುದಷ್ಟೇ ನಾನು ಅಲ್ಲಿ ಮಾಡುವ ಕೆಲಸ.

ಕಲಿಯುವವರಿಗೆ ಇದು ಸುಲಭವೇ ಎಂದರೆ ಮೊದಲ ವಾರ ಸುಲಭವಲ್ಲ. ಪಟ್ಟಿಗಳ ಹೆಸರುಗಳೆಲ್ಲ ಸಂಕೇತ ಸಂಸ್ಕರಣದ ಪರಿಭಾಷೆಯಲ್ಲಿವೆ, ಕನ್ನಡದಲ್ಲಿ ಇಲ್ಲ. ಪದರ ಮತ್ತು ಪಟಗಳ ಭೇದ ತಿಳಿಯುವವರೆಗೆ ಪರದೆ ಗೊಂದಲವಾಗಿಯೇ ಕಾಣುತ್ತದೆ. ಉಳಿಸಿದ ಕಡತದಲ್ಲಿ ಧ್ವನಿ ಇರುವುದಿಲ್ಲ, ಧ್ವನಿ ಎಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ. ಆದ್ದರಿಂದ ಎರಡನ್ನೂ ಒಂದೇ ಕಡೆ ಇಟ್ಟುಕೊಳ್ಳಬೇಕು. ತಾಳ ಹಾಕಲು ಬಾರದವರು ಇದರಿಂದ ತಾಳ ಕಲಿಯಲಾರರು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ತಾಳ ಬಲ್ಲವರ ಕೈಯಲ್ಲಿ ಇದು ಅಮೂಲ್ಯವಾದ ವಸ್ತು.

ಇತ್ತೀಚೆಗೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಒಂದೇ ಧ್ವನಿಮುದ್ರಣಕ್ಕೆ ನಾನು ಒಮ್ಮೆ ತಟ್ಟಿ, ಆ ಪದರವನ್ನು ಮರೆಮಾಡಿ, ಜೊತೆಯಲ್ಲಿ ಸಂಗೀತ ಕಲಿತ ಗೆಳೆಯರೊಬ್ಬರಿಂದ ಇನ್ನೊಂದು ಪದರದಲ್ಲಿ ತಟ್ಟಿಸುತ್ತೇನೆ. ಎರಡನ್ನೂ ಒಟ್ಟಿಗೆ ತೆರೆದಾಗ ಹೆಚ್ಚಿನ ಕಡೆ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ವಿಳಂಬ ಕಾಲದ ಒಂದು ಕೃತಿಯಲ್ಲಿ ಮಾತ್ರ ಅನುಪಲ್ಲವಿಯ ಎತ್ತುಗಡೆಯಲ್ಲಿ ನಮ್ಮ ಗೆರೆಗಳು ಅರ್ಧ ಅಕ್ಷರ ಬೇರೆಯಾಗಿ, ಎರಡು ಆವರ್ತಗಳ ನಂತರ ಮತ್ತೆ ಕೂಡಿಕೊಂಡಿವೆ. ಆ ಜಾಗವನ್ನು ನಿಧಾನಗತಿಯಲ್ಲಿ ಹಲವು ಸಲ ಕೇಳಿದ್ದೇವೆ. ಮೃದಂಗವು ಅಲ್ಲಿ ಯಾರ ಪರವಾಗಿಯೂ ಒತ್ತು ಕೊಟ್ಟಿಲ್ಲ. ಯಾವ ಗೆರೆಯನ್ನೂ ಅಳಿಸದೆ ಎರಡು ಪದರಗಳನ್ನೂ ಹಾಗೆಯೇ ಉಳಿಸಿಟ್ಟಿದ್ದೇನೆ.